ಸೆಲ್ಫ್ ಮುಟ್ಟುವಂತಿಲ್ಲ

ಭಾನುವಾರ, ಬೆಳಿಗ್ಗೆ ಏಳು ಗಂಟೆ, ರೇಸಿಗೆ ಮೊದಲಿನ ಸಭೆ. ಸ್ಥಳ, ದೇವಲಾಪುರದಾಚೆ ಬೇಸಿಗೆಗೆ ಒಣಗಿ ಬಿರುಕು ಬಿಟ್ಟ ಒಂದು ಕೆರೆಯಂಗಳ. ಹಾಜರಿದ್ದವರು: ಕೆ.ಆರ್. ಪೇಟೆ ತಾಲ್ಲೂಕಿನ ಪರವಾಗಿ ಬೂಕನಕೆರೆಯ ಬೋರೇಗೌಡ ಮತ್ತು ಅವನ ಅಂಬಾಸಿಡರ್. ನಾಗಮಂಗಲದ ವಕೀಲ ಶಿವಣ್ಣ, ಅವರ ಶ್ರೀಮತಿ ಮತ್ತು ಪದ್ಮಿನಿ ಕಾರು. ಶ್ರೀರಂಗಪಟ್ಟಣದ ಅನ್ವರ್ ಪಾಷ, ಅವರ ಅಕ್ಕ ಮತ್ತು ಮೈನರ್ ಕಾರು. ಪಾಂಡವಪುರದಿಂದ ನಾನು, ನನ್ನ ಹೆಂಡತಿ ಸರೋಜ ಮತ್ತು ಎರಡು ಬಾಗಿಲಿನ ನಮ್ಮ ಹೆರಾಲ್ಡ್. "ಗೈರುಹಾಜರಾದವರು ಯಾರೂ ಇಲ್ಲ" ಎಂದು ನಾನು ಹುಣಸೆಮರದ ಕೆಳಗೆ ನಿಂತು ಗಟ್ಟಿಯಾಗಿ ಹೇಳಿದೆ. ಬೋರೇಗೌಡ ಚಪ್ಪಲಿಯ ತುದಿಯಿಂದ ಒಂದು ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಪುಡಿ ಮಾಡುತ್ತಿದ್ದ. ನಾನು ಮುಂದಿನ ವಿಷಯಕ್ಕೆ ಹೋದೆ. ಮುಂದಿನ ವಿಷಯಕ್ಕೆ ಹೋಗುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಶಿಸ್ತು ಎನ್ನುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ, ಹಾಸ್ಟೆಲಿನಿಂದ ಬಂದದ್ದು. ಹೈಸ್ಕೂಲು ಓದಲು ಅಪ್ಪ ನನ್ನನ್ನು ಒಂದು ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಕೋಳಿ ಕೂಗುವ ಮೊದಲೇ ಅಲ್ಲಿ ಗಂಟೆ ಹೊಡೆಯುತ್ತಿತ್ತು. ತಣ್ಣೀರು, ಪ್ರಾರ್ಥನೆ, ತಟ್ಟೆ ಹಿಡಿದು ಸಾಲು. ಸಾಲಿನಲ್ಲಿ ನನ್ನ ಹಿಂದೆ ಯಾವಾಗಲೂ ಬೋರೇಗೌಡ. ಅವನು ಮುಂದೆ ನುಗ್ಗುತ್ತಿದ್ದ, ನಾನು ವಾರ್ಡನ್ನರಿಗೆ ಹೇಳುತ್ತಿದ್ದೆ, ಅವರು ಅವನನ್ನು ಮತ್ತೆ ನನ್ನ ಹಿಂದೆ ನಿಲ್ಲಿಸುತ್ತಿದ್ದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ. ಆಮೇಲೆ ನಾನು ಬಸ್ ಡಿಪೋದಲ್ಲಿ ಟ್ರಾಫಿಕ್ ಕಂಟ್ರೋಲರ್ ಆದೆ. ಸೀಟಿ ಊದಿದರೆ ಬಸ್ಸು ಹೊರಡಬೇಕು. ಡ್ರೈವರನ ಕೈಯಲ್ಲಿ ಅರ್ಧ ಟೀ ಇದ್ದರೂ ಹೊರಡಬೇಕು. ನಿವೃತ್ತಿಯಾದ ಮೇಲೆ ಸೀಟಿ ಉಳಿಯಿತು, ಬಸ್ಸುಗಳು ಹೋದವು. ಮನೆಯಲ್ಲಿ ಕುಕ್ಕರು ನನ್ನ ಅಪ್ಪಣೆಯಿಲ್ಲದೆ ಸೀಟಿ ಹೊಡೆಯುತ್ತದೆಂದು ಮೊದಮೊದಲು ನನಗೆ ಬೇಸರವೇ ಆಗುತ್ತಿತ್ತು. "ನಿಮ್ಮ ಜೊತೆ ಬಾಳೋದು ಅಂದ್ರೆ ಪ್ಲಾಟ್‌ಫಾರಂ ಟಿಕೆಟ್ ತಗೊಂಡು ನಿಂತ ಹಾಗಿರುತ್ತೆ" ಎಂದು ಸರೋಜ ಹೇಳಿದ್ದಾಳೆ. ಪ್ಲಾಟ್‌ಫಾರಂ ಟಿಕೆಟ್ಟು ರೈಲ್ವೆಯವರದು, ನಮ್ಮ ಇಲಾಖೆಯದಲ್ಲ ಎಂದು ನಾನು ತಿದ್ದಿದೆ.

ಇಂಥ ಮನುಷ್ಯನಿಗೆ ಹಳೇ ಕಾರಿನ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುತ್ತೀರಿ. ಎಲ್ಲ ಒಂದು ಮದುವೆಯಿಂದ. ಎಷ್ಟೋ ವರ್ಷದ ಹಿಂದೆ, ಕೆ.ಆರ್. ಪೇಟೆಯ ಒಂದು ಛತ್ರದ ಮುಂದೆ ನಮ್ಮ ನಾಲ್ಕು ಕಾರುಗಳೂ ಸಾಲಾಗಿ ನಿಂತಿದ್ದವು. ಆಗಲೇ ಅವು ಹಳೆಯವು. ನಮ್ಮಲ್ಲಿ ಒಬ್ಬರೂ ಹೊಸ ಕಾರು ಕೊಂಡವರಲ್ಲ. ಧಾರೆ ಮುಗಿದು, ಊಟ ಮುಗಿದು, ಹೆಂಗಸರು ಹೂವು ತಾಂಬೂಲ ಹಿಡಿದು ಕಾರು ಹತ್ತಿ ಕೂತರೆ ನಾಲ್ಕರಲ್ಲಿ ಒಂದಕ್ಕೂ ಜೀವವಿಲ್ಲ. ಹಿಂದಿನ ರಾತ್ರಿ ಮಳೆ ಹನಿದು ಎಲ್ಲ ತಣ್ಣಗಾಗಿತ್ತು, ಬ್ಯಾಟರಿಗಳು ಮೊದಲೇ ಸತ್ತಿದ್ದವು. ನಾಲ್ವರೂ ಡಿಕ್ಕಿಯಿಂದ ಹ್ಯಾಂಡ್ಲು ತೆಗೆದು ಬಂಪರಿನ ಕೆಳಗಿನ ತೂತಿಗೆ ಹಾಕಿ ತಿರುಗಿಸಲು ನಿಂತೆವು. ಹ್ಯಾಂಡ್ಲು ಹೊಡೆಯುವುದಕ್ಕೆ ಒಂದು ಕ್ರಮವಿದೆ: ಹೆಬ್ಬೆರಳನ್ನು ಹಿಡಿಗೆ ಸುತ್ತಬಾರದು, ಉಳಿದ ಬೆರಳುಗಳ ಜೊತೆಗೇ ಇಟ್ಟುಕೊಳ್ಳಬೇಕು. ಎಂಜಿನ್ನು ತಿರುಗಿ ಒದ್ದರೆ ಹೆಬ್ಬೆರಳು ಹೋಯಿತೆಂದೇ ಲೆಕ್ಕ. ಆದರೆ ಹೊರಗೆ ಎಷ್ಟು ತಿರುಗಿಸಿದರೂ ಒಳಗೊಬ್ಬರು ಕೂತು ಚೋಕು ಹಿಡಿಯಬೇಕು. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲು ಹೆಚ್ಚು ಬೇಕು, ಅದಕ್ಕೆ ಚೋಕಿನ ಗುಂಡಿ ಎಳೆದು ಹಿಡಿಯಬೇಕು. ಎಂಜಿನ್ನು ಹತ್ತಿಕೊಂಡ ಕ್ಷಣ ಅದನ್ನು ಹದವಾಗಿ ಒಳಗೆ ಬಿಡುತ್ತ ಬರಬೇಕು. ಬೇಗ ಬಿಟ್ಟರೆ ಎಂಜಿನ್ನು ಆರಿಹೋಗುತ್ತದೆ, ತಡವಾಗಿ ಬಿಟ್ಟರೆ ಪೆಟ್ರೋಲು ಕುಡಿದು ಉಸಿರುಗಟ್ಟುತ್ತದೆ. ಅದಕ್ಕೆ ಕಿವಿ ಬೇಕು. ಆ ಕಿವಿ ಬೋರೇಗೌಡನ ಹೆಂಡತಿ ಜಯಮ್ಮನಿಗಿತ್ತು. "ಈಗ ತಿರುಗ್ಸಿ ಗೌಡ್ರೆ, ಎಳ್ದಿವ್ನಿ!" ಎಂದು ಆಯಮ್ಮ ಕಿಟಕಿಯಿಂದ ಕೂಗಿದ್ದು, ಅಂಬಾಸಿಡರ್ ಗುಡುಗಿದ್ದು, ಬೋರೇಗೌಡ ಹಾರನ್ ಹೊಡೆಯುತ್ತ ಛತ್ರಕ್ಕೆ ಒಂದು ಸುತ್ತು ಬಂದು ನಮ್ಮ ಮೂವರ ಮುಂದೆ ನಿಂತು ಮೀಸೆ ತಿರುವಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅದೇ ನಮ್ಮ ಮೊದಲನೆಯ ರೇಸು.

ಮುಂದಿನ ಬೇಸಿಗೆಯಿಂದ ಅದು ಈ ಕೆರೆಯಂಗಳಕ್ಕೆ ಬಂತು. ಕೆರೆಯ ತೂಬಿನಿಂದ ಹೊರಟು ಆ ಕಡೆಯ ಒಂಟಿ ಜಾಲಿಮರವನ್ನು ಸುತ್ತಿ ವಾಪಸ್ಸು, ಹೀಗೆ ಎರಡು ಸಲ. ರೇಸು ಎಂದ ಕೂಡಲೇ ನೀವು ಟೀವಿಯಲ್ಲಿ ನೋಡುವುದನ್ನು ನೆನೆಸಿಕೊಳ್ಳಬೇಡಿ. ಸೈಕಲ್ಲಿನವನು ಮನಸ್ಸು ಮಾಡಿದರೆ ನಮ್ಮನ್ನು ಹಿಂದೆ ಹಾಕಬಹುದು, ಒಂದು ವರ್ಷ ಒಂದು ಎಮ್ಮೆ ಹಾಕಿಯೂ ಇದೆ. ನಾಲ್ಕು ತಾಲ್ಲೂಕಿಗೆ ನಾಲ್ಕು ಕಾರು. ಬಹುಮಾನ ಒಂದು ಎಳನೀರು ಗೊನೆ. ಆದರೆ ನಿಯಮ ಮಾತ್ರ ಬಿಗಿ, ಯಾಕೆಂದರೆ ಅದನ್ನು ಬರೆದವನು ನಾನು. ಕಾರಿನ ಭಾಗಗಳೆಲ್ಲ ಆ ಕಾಲದವೇ ಆಗಿರಬೇಕು. ಸೀಟಿ ಊದಿದಾಗ ಓಡಿಸುವವನು ಹ್ಯಾಂಡ್ಲು ಹಿಡಿದು ಕಾರಿನ ಮುಂದೆ ನಿಂತಿರಬೇಕು. ಕೂತಲ್ಲೇ ಬ್ಯಾಟರಿಯಿಂದ ಎಂಜಿನ್ನು ಹತ್ತಿಸುವ ಸೆಲ್ಫ್ ಸ್ಟಾರ್ಟರ್ ಮುಟ್ಟುವಂತಿಲ್ಲ. ಚೋಕು ಹಿಡಿದವರು ಕೊನೆಯ ತನಕ ಕಾರಿನಲ್ಲೇ ಕೂತಿರಬೇಕು. ಈ ಕೊನೆಯದನ್ನು ಸೇರಿಸಿದ್ದು ಜಯಮ್ಮ. "ಚೋಕಿಗ್ ಮಾತ್ರ ನಾವು, ಸುತ್ತಾಕೋಕೆ ನೀವಾ? ಬತ್ತೀವಿ ನಡೀರಿ" ಎಂದಿದ್ದರು.

ನಿಯಮವಿದ್ದಲ್ಲಿ ಜಗಳವಿರುತ್ತದೆ; ಇಲ್ಲದಿದ್ದರೆ ನಿಯಮಕ್ಕೆ ಕೆಲಸವೇನು? ಟೈರಿನ ಜಗಳ ಎರಡು ವರ್ಷ ನಡೆಯಿತು. ಅನ್ವರ್ ಪಾಷ ಹೊಸ ಮಾದರಿಯ ಟೈರು ಹಾಕಿಸಿಕೊಂಡು ಬಂದು, ಹಳೆಯದು ಈಗ ಎಲ್ಲೂ ಸಿಗುವುದಿಲ್ಲ ಎಂದರು. ಸಿಗುವ ತನಕ ನಿಲ್ಲಿ ಎಂದೆ. "ಅರೆ ಭಾಯ್, ಕಾರು ಹಳೇದು ಸರಿ, ಗಾಳೀನೂ ಹಳೇದೇ ಹಾಕ್ಬೇಕಾ?" ಎಂದು ಅವರು ಕೇಳಿದಾಗ ನಾನು ಅದನ್ನೂ ಒಂದು ಗಳಿಗೆ ಯೋಚಿಸಿದ್ದು ನಿಜ. ಭಾರದ ಜಗಳ ಇನ್ನೂ ಚೆನ್ನಾಗಿತ್ತು. ಬೋರೇಗೌಡ ಹಿಂದಿನ ಚಕ್ರಕ್ಕೆ ಹಿಡಿತ ಬರಲೆಂದು ಡಿಕ್ಕಿಯಲ್ಲಿ ರಾಗಿ ಮೂಟೆ ಇಟ್ಟಿದ್ದಾನೆಂದು ವಕೀಲರು ತಕರಾರು ತೆಗೆದರು. ನಾನು ಡಿಕ್ಕಿ ತೆಗೆಸಿದೆ. ಒಳಗೆ ಒದ್ದೆ ಬಟ್ಟೆ ಸುತ್ತಿದ ದೊಡ್ಡ ಪಾತ್ರೆಯಲ್ಲಿ ಬಿಸಿಬಿಸಿ ಮುದ್ದೆ, ಒಂದು ಬಿಂದಿಗೆಯಲ್ಲಿ ಉಪ್ಪುಸಾರು, ಇನ್ನೊಂದರಲ್ಲಿ ಮಜ್ಜಿಗೆ. ಜಯಮ್ಮ ಎಲ್ಲರಿಗೂ ಮಾಡಿಕೊಂಡು ಬಂದಿದ್ದರು. "ಮೂಟೆ ಅಲ್ವಾ ಲಾಯರ್ರೆ? ಇಲ್ಲೇ ಅವೆ, ಎಣಿಸ್ಕಳಿ" ಎಂದರು. ವಕೀಲರು ಎರಡನೆಯ ಮುದ್ದೆ ನುಂಗಿದ ಮೇಲೆ ತಕರಾರು ಹಿಂತೆಗೆದುಕೊಂಡರು. ಊಟದ ಪದಾರ್ಥ ಭಾರವೆಂದು ಪರಿಗಣಿಸತಕ್ಕದ್ದಲ್ಲ ಎಂಬ ನಿಯಮ ಅವತ್ತು ಬಂತು. ಅಲ್ಲಿಂದಾಚೆ ಪ್ರತಿವರ್ಷ ಗೆಲ್ಲುತ್ತಿದ್ದದ್ದು ಅಂಬಾಸಿಡರ್, ಎರಡನೆಯದು ಹೆರಾಲ್ಡ್, ಊಟ ಜಯಮ್ಮನದು. ಎರಡನೆಯವನಾಗಿಯೇ ನನಗೆ ಕೂದಲು ನೆರೆಯಿತು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಜಯಮ್ಮ ತೀರಿಕೊಂಡರು. ಮೂರು ದಿನದ ಜ್ವರ. ನಾವೆಲ್ಲ ಹೋಗಿದ್ದೆವು, ಹನ್ನೊಂದನೆಯ ದಿನದ ಊಟಕ್ಕೆ ಎಲೆಗಳನ್ನು ಸಾಲಾಗಿ ಹಾಕಿಸುವ ಜವಾಬ್ದಾರಿ ನಾನೇ ವಹಿಸಿಕೊಂಡಿದ್ದೆ, ಸಾಲು ಸೊಟ್ಟಗಾಗಿರಲಿಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಇಷ್ಟೆಲ್ಲ ಗೊತ್ತಿದ್ದ ಮನುಷ್ಯನಿಗೆ ಈ ಬೇಸಿಗೆಯಲ್ಲಿ ಬೋರೇಗೌಡ ಫೋನು ಮಾಡಿದಾಗ ಏನು ಹೊಳೆಯಬೇಕಿತ್ತೋ ಅದು ಹೊಳೆಯಲಿಲ್ಲ.

"ಲೇ ಪುಟ್ಸಾಮಿ, ಈ ಸಲ ವಸಿ ರೂಲ್ಸು ಬದ್ಲಾಯಿಸ್ಬುಡು. ಸೆಲ್ಫು ಹೊಡ್ಕೊಂಡು ಓಗವ" ಎಂದ.

"ಯಾಕೆ?"

"ಯಾಕೇನ್ಲಾ, ಅಂಗೇ. ಆಗ್ದಿದ್ರೆ ಯೋಳ್ಬುಡು. ಮೈಸೂರ್ನಾಗೆ ಯಾವನೋ ಮದ್ವೆ ಫೋಟೋಕ್ಕೆ ಹಳೇ ಕಾರು ಬೇಕೂಂತ ಸುತ್ತಾವ್ನೆ, ನನ್ ಗಾಡಿ ಕೇಳ್ತಾವ್ನೆ. ಕೊಟ್ಬುಡ್ತೀನಿ. ಸುಮ್ಕೆ ನಿಲ್ಸ್ಕೊಂಡು ಏನ್ ಮಾಡ್ಲಿ?"

ಇಷ್ಟು ಹೇಳಿ ಇಟ್ಟುಬಿಟ್ಟ. ನನಗೆ ತಕ್ಷಣ ಅರ್ಥವಾಯಿತು: ಇವನು ಹೊಸ ಬ್ಯಾಟರಿ, ಹೊಸ ಸೆಲ್ಫ್ ಮೋಟಾರು ಹಾಕಿಸಿದ್ದಾನೆ, ನಾವೆಲ್ಲ ಹ್ಯಾಂಡ್ಲು ತಿರುಗಿಸುವಷ್ಟರಲ್ಲಿ ಇವನು ಜಾಲಿಮರ ಸುತ್ತಿಬಿಡುವ ಉಪಾಯ, ಮಾರಿಬಿಡುತ್ತೇನೆ ಅನ್ನುವುದು ಬೆದರಿಕೆ. ಗೆಲ್ಲುತ್ತಲೇ ಬಂದವನಿಗೆ ಇನ್ನೂ ಗೆಲ್ಲುವ ಆಸೆ! ಇಡೀ ವಾರ ನಾನು ಊಟಕ್ಕೆ ಕೂತಾಗಲೆಲ್ಲ ಸರೋಜಳಿಗೆ ನನ್ನ ವಾದ ಒಪ್ಪಿಸಿದೆ. ಸೆಲ್ಫ್ ಬಂದರೆ ಹ್ಯಾಂಡ್ಲು ಹೋಯಿತು, ಹ್ಯಾಂಡ್ಲು ಹೋದರೆ ಚೋಕು ಹಿಡಿಯುವವರು ಹೋದರು, ಆಮೇಲೆ ಇದು ರೇಸಲ್ಲ, ಹಾಲು ತರಲು ಹೋದ ಹಾಗೆ. ಸರೋಜ ಸಾರು ಬಡಿಸುತ್ತ, "ಗೌಡ್ರು ಯಾಕೆ ಕೇಳಿದ್ರು ಅಂತ ಯೋಚನೆ ಮಾಡಿದ್ರಾ?" ಎಂದಳು. "ಗೆಲ್ಲೋದಕ್ಕೆ" ಎಂದೆ. ಅವಳು ನನ್ನ ಮುಖ ನೋಡಿ, ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ.

ಆ ಭಾನುವಾರ ನಸುಕಿನಲ್ಲೇ ಹೊರಟು, ಜಕ್ಕನಹಳ್ಳಿಯಲ್ಲಿ ಟೀ ಕುಡಿದು, ಕೆರೆ ತಲುಪಿದೆವು. ಸಭೆಗೆ ಮೊದಲು ಪರೀಕ್ಷಕನಾಗಿ ನಾನು ಎಲ್ಲ ಕಾರುಗಳ ಬಾನೆಟ್ಟು ಎತ್ತಿಸುತ್ತೇನೆ. ಅಂಬಾಸಿಡರಿನ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ಬಗ್ಗಿದೆ. ಬ್ಯಾಟರಿ ಅದೇ ಹಳೆಯದು, ತುಕ್ಕಿನ ಹಸಿರು ಕಟ್ಟಿಕೊಂಡಿತ್ತು. ಸೆಲ್ಫ್ ಮೋಟಾರಿನ ಮೇಲೆ ಜೇಡರ ಬಲೆ. ಎಂಥ ಕಿಲಾಡಿ, ಗೊತ್ತಾಗಬಾರದೆಂದು ಬಲೆಯನ್ನೂ ಹಾಗೇ ಬಿಟ್ಟಿದ್ದಾನೆ ಎಂದುಕೊಂಡೆ. ನೋಡಿ, ಸಂಶಯ ಒಂದು ಸಲ ಹೊರಟರೆ ನನ್ನ ಬಸ್ಸುಗಳ ಹಾಗೆ, ಮಧ್ಯದಲ್ಲಿ ನಿಲ್ಲುವುದಿಲ್ಲ.

ಸಭೆ ಶುರುವಾಯಿತು. ನಾನು ಬೋರೇಗೌಡನ ಕೋರಿಕೆಯನ್ನು ಓದಿದೆ.

"ಗೌಡ್ರೆ, ವಜಹ್ ಏನು, ಕಾರಣ ಹೇಳಿ" ಎಂದರು ಅನ್ವರ್ ಪಾಷ.

"ತೋಳ್ ನೋಯ್ತದೆ ಕಣಪ್ಪ."

"ತೋಳು ನೋಯುವವನು ಹೋದ ತಿಂಗಳು ಪೇಟೆಯಲ್ಲಿ ಹಿಂಡಿ ಮೂಟೆ ಹೆಗಲಿಗೆ ಏರಿಸಿದ್ದನ್ನ ನಾನೇ ನೋಡಿದೀನಿ" ಎಂದೆ ನಾನು.

"ಅದು ಎಗ್ಲು. ಇದು ತೋಳು."

ವಕೀಲರು ಕನ್ನಡಕ ಸರಿಮಾಡಿಕೊಂಡರು. "ಹಿಂದಿನಿಂದ ನಡೆದು ಬಂದದ್ದನ್ನ ಬದಲಾಯಿಸಬೇಕಾದರೆ ಬಲವಾದ ಕಾರಣ ಬೇಕು. ಇವತ್ತು ಸೆಲ್ಫ್ ಅಂತೀರಿ, ನಾಳೆ ಏಸಿ ಅಂತೀರಿ. ನಾನು ವಿರೋಧ" ಎಂದರು. ಅನ್ವರ್ ಪಾಷ ಬೋರೇಗೌಡನನ್ನು ಒಂದು ಕ್ಷಣ ನೋಡಿ, "ನಂದು ಗೌಡ್ರ ಕಡೆ. ಇನ್ನು ಕಾರಣ ಕೇಳೋದಿಲ್ಲ" ಎಂದರು. ಅವರ ಅಕ್ಕ ತಲೆಯ ಸೆರಗು ಸರಿಪಡಿಸಿಕೊಂಡು ಬೇರೆ ಕಡೆ ನೋಡಿದರು. ಪರ ಎರಡು, ವಿರುದ್ಧ ಎರಡು. ಸಮಸಮ ಆದಾಗ ಅಧ್ಯಕ್ಷನಿಗೆ ಇನ್ನೊಂದು ಮತ ಎಂದು ಯಾವಾಗಲೋ ಬರೆದುಕೊಂಡಿದ್ದೆ, ಅಧ್ಯಕ್ಷ ನಾನೇ. ಡಿಪೋದಲ್ಲಿ ತಡವಾಗಿ ಬಂದ ಕಂಡಕ್ಟರಿಗೆ ಹೇಳುತ್ತಿದ್ದ ದನಿಯಲ್ಲಿ ಹೇಳಿದೆ: "ತಿರಸ್ಕರಿಸಲಾಗಿದೆ. ಸೆಲ್ಫ್ ಮುಟ್ಟುವಂತಿಲ್ಲ."

"ಆಯ್ತು ಬುಡ್ಲಾ" ಎಂದ ಬೋರೇಗೌಡ. ಅಷ್ಟೇ. ನನ್ನ ವಾದದ ಮುಕ್ಕಾಲು ಭಾಗ ಇನ್ನೂ ಉಳಿದಿತ್ತು.

ಕಾರುಗಳು ತೂಬಿನ ಮುಂದೆ ಸಾಲು ನಿಂತವು. ಸೀಟಿಗೆ ಮೊದಲು ಎಲ್ಲರೂ ಒಂದು ಸಲ ಎಂಜಿನ್ನು ಹತ್ತಿಸಿ ಆರಿಸುವುದು ನಮ್ಮ ಪದ್ಧತಿ. ನಾನು ಸೀಟಿ ಬಾಯಲ್ಲಿಟ್ಟುಕೊಂಡು ನೋಡುತ್ತ ನಿಂತೆ. ಬೋರೇಗೌಡ ಅಂಬಾಸಿಡರಿನೊಳಗೆ ಬಗ್ಗಿ ಚೋಕು ಎಳೆದ. ಹೊರಗೆ ಬಂದ, ಕಾರಿನ ಮುಂದಕ್ಕೆ ಸುತ್ತಿ ಬಂದು ಹ್ಯಾಂಡ್ಲು ಹಾಕಿ ತಿರುಗಿಸಿದ. ಎಂಜಿನ್ನು ಗುರ್ ಎಂದು ಹತ್ತಿಕೊಂಡಿತು. ಅವನು ಹ್ಯಾಂಡ್ಲು ಕಿತ್ತುಕೊಂಡು ಬಾಗಿಲ ಹತ್ತಿರ ಓಡಿ, ಕೈಯನ್ನು ಚೋಕಿಗೆ ಚಾಚುವಷ್ಟರಲ್ಲಿ ಅದು ಕೆಮ್ಮಿ ಆರಿಹೋಯಿತು. ಮತ್ತೆ ಮುಂದಕ್ಕೆ ಬಂದ. ಮತ್ತೆ ಹತ್ತಿಕೊಂಡಿತು, ಮತ್ತೆ ಓಡಿದ, ಮತ್ತೆ ಆರಿತು. ಪಂಚೆ ಮೇಲೆ ಕಟ್ಟಿಕೊಂಡ. ವಯಸ್ಸಾದ ಮನುಷ್ಯ ತನ್ನದೇ ಕಾರಿನ ಸುತ್ತ ಹ್ಯಾಂಡ್ಲು ಹಿಡಿದು ಓಡಾಡುವುದನ್ನು ನೋಡಿ ಮೊದಲು ನನಗೆ ನಗು ಬಂತು. ಆಮೇಲೆ ಎಡಗಡೆಯ ಖಾಲಿ ಸೀಟು ಕಾಣಿಸಿತು. ಸೀಟಿನ ಮೇಲೆ ಹಳೇ ಸೀರೆಯಲ್ಲಿ ಹೊಲಿದ ಒಂದು ದಿಂಬು. ಎತ್ತರ ಸಾಲದೆಂದು ಜಯಮ್ಮ ಇಟ್ಟುಕೊಳ್ಳುತ್ತಿದ್ದದ್ದು. ಅದು ಹಾಗೇ ಇತ್ತು.

ನನ್ನ ಬಾಯಲ್ಲಿದ್ದ ಸೀಟಿ ತಾನಾಗಿಯೇ ಸಣ್ಣಗೆ ಪೀ ಎಂದಿತು.

ಹೆರಾಲ್ಡಿನ ಬಾಗಿಲು ತೆರೆದ ಸದ್ದಾಯಿತು. ಸರೋಜ ಇಳಿದು, ಸೀರೆಯ ನೆರಿಗೆ ಎತ್ತಿಕೊಂಡು, ಬಿರುಕು ಬಿಟ್ಟ ನೆಲ ದಾಟಿ ಹೋಗಿ ಅಂಬಾಸಿಡರಿನ ಎಡಬಾಗಿಲು ತೆಗೆದು ಕೂತಳು. ದಿಂಬನ್ನು ತೆಗೆಯಲಿಲ್ಲ, ಅದರ ಮೇಲೇ ಕೂತಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ತಿರುಗಿಸಿ ಗೌಡ್ರೆ, ಎಳ್ದಿದೀನಿ" ಎಂದಳು.

ಬೋರೇಗೌಡ ಹ್ಯಾಂಡ್ಲು ಹಿಡಿದುಕೊಂಡು ಹಾಗೇ ನಿಂತಿದ್ದ. "ಸರೋಜಕ್ಕ, ನಿಮ್ ಯಜಮಾನ್ರು..." ಎಂದ.

ಯಜಮಾನರಿಗೆ ಆಗ ಸುಮ್ಮನಿರಬೇಕೆಂದು ಗೊತ್ತಾಗಬೇಕಿತ್ತು. ಆದರೆ ಅಭ್ಯಾಸ ದೊಡ್ಡದು. "ಒಂದು ಕಾರಿನವರು ಇನ್ನೊಂದು ಕಾರಿನ ಚೋಕು ಹಿಡಿಯುವುದು ಹಿಂದೆ ಎಂದೂ..." ಎಂದು ಶುರು ಮಾಡಿದೆ.

"ಡಿಸ್‌ಕ್ವಾಲಿಫೈ ಮಾಡಿ" ಎಂದಳು ಸರೋಜ. "ಮಾಡೋ ಮುಂಚೆ ಊಟದ ಪಾತ್ರೆ ಯಾರು ತಂದಿದಾರೆ ನೆನಪಿಸ್ಕೊಳ್ಳಿ."

ವಕೀಲ ಶಿವಣ್ಣ ತಮ್ಮ ಕಾರಿನಿಂದಲೇ, "ಆಕ್ಷೇಪಣೆ ಇಲ್ಲ" ಎಂದರು. ಅವರು ಊಟದ ವಿಷಯದಲ್ಲಿ ಯಾವತ್ತೂ ಆಕ್ಷೇಪಣೆ ಎತ್ತಿದವರಲ್ಲ.

ಎಲ್ಲರೂ ಸಿದ್ಧರಾದರು. ನನ್ನ ಕಾರಿನಲ್ಲಿ ನಾನೊಬ್ಬನೇ ಎಂದು ನನಗೆ ಗೊತ್ತಾದದ್ದು ಸೀಟಿ ಊದಿದ ಮೇಲೆ. ಅಂಬಾಸಿಡರ್ ಎರಡನೆಯ ಏಟಿಗೇ ಹತ್ತಿಕೊಂಡಿತು. ಸರೋಜಳ ಕೈ ಚೋಕನ್ನು ಹದವಾಗಿ ಒಳಗೆ ಬಿಡುವುದು ಆ ಎಂಜಿನ್ನಿನ ದನಿಯಲ್ಲೇ ಕೇಳಿಸುತ್ತಿತ್ತು. ಇಷ್ಟು ವರ್ಷ ಅದೇ ಕೈ ನನ್ನ ಕಾರಿನಲ್ಲಿದ್ದಾಗ ನಾನು ಅದನ್ನು ಕೇಳಿಸಿಕೊಂಡಿರಲಿಲ್ಲ, ನನ್ನ ತೋಳಿನ ಬಲ ಎಂದುಕೊಂಡಿದ್ದೆ. ಮೈನರ್ ಹೋಯಿತು, ಪದ್ಮಿನಿ ಹೋಯಿತು. ನಾನು ಚೋಕು ಎಳೆದೆ, ಮುಂದಕ್ಕೆ ಓಡಿದೆ, ತಿರುಗಿಸಿದೆ, ಹತ್ತಿಕೊಂಡಿತು, ಬಾಗಿಲಿಗೆ ಓಡಿದೆ, ಆರಿಹೋಯಿತು. ಮತ್ತೆ ಓಡಿದೆ. ಹೆರಾಲ್ಡು ಚಿಕ್ಕ ಕಾರು ಎಂದು ಜನ ಹೇಳುತ್ತಾರೆ. ಅದರ ಸುತ್ತ ಓಡಿದವರು ಹೇಳುವುದಿಲ್ಲ. ಅಷ್ಟರಲ್ಲಿ ಮೂವರೂ ಮೊದಲ ಸುತ್ತು ಮುಗಿಸಿ ತೂಬಿನ ಹತ್ತಿರ ತಿರುಗಿದರು. ಅನ್ವರ್ ಪಾಷ ಪಕ್ಕದಲ್ಲಿ ಹಾದುಹೋಗುತ್ತ, "ಪುಟ್ಟಸ್ವಾಮಿ ಸಾಬ್, ತೋಳ್ ನೋಯ್ತಿದ್ಯಾ?" ಎಂದು ಕೂಗಿದರು. ಅವರ ಅಕ್ಕ ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಅವರು ಹೋದರು. ಎದ್ದ ಧೂಳು ನನ್ನನ್ನೂ ಹೆರಾಲ್ಡನ್ನೂ ಪೂರ್ತಿ ಮುಚ್ಚಿತು. ಧೂಳಿನೊಳಗೆ ಮನುಷ್ಯ ಒಬ್ಬನೇ ಇರುತ್ತಾನೆ. ನಾನು ಸೀಟಿನಲ್ಲಿ ಕೂತೆ. ಒಂದು ಕೈಯಲ್ಲಿ ಚೋಕು ಹಿಡಿದೆ. ಇನ್ನೊಂದು ಕೈ ಏನು ಮಾಡಿತೆಂದು ನಾನು ಹೇಳಬೇಕಾಗಿಲ್ಲ. ಎಂಜಿನ್ನು ಕೂಡಲೇ ಹತ್ತಿಕೊಂಡಿತು, ಎಷ್ಟು ಸುಲಭವಾಗಿ ಎಂದರೆ ನನಗೆ ಅವಮಾನವೇ ಆಯಿತು. ಜಾಲಿಮರದ ಕಡೆಗೆ ಹೊರಟೆ. ಯಾರೂ ನೋಡಿರಲಿಲ್ಲ.

ಒಬ್ಬನೇ ಕಾರು ಓಡಿಸುವುದು ವಿಚಿತ್ರ. ಪ್ರತಿವರ್ಷ ಆ ಮರದ ತಿರುವಿನಲ್ಲಿ ಸರೋಜ, "ನಿಧಾನ ರೀ, ನಾಳೆ ಸೋಮವಾರ, ಡಾಕ್ಟರು ಸಿಗ್ತಾರೆ, ಆದ್ರೂ ನಿಧಾನ" ಎನ್ನುತ್ತಿದ್ದಳು. ಈ ಸಲ ಯಾರೂ ಹೇಳಲಿಲ್ಲ, ನಾನಾಗಿಯೇ ನಿಧಾನ ಮಾಡಿದೆ. ಎದುರಿಗೆ ದೂರದಲ್ಲಿ ಅಂಬಾಸಿಡರ್ ಕೊನೆಯ ಸುತ್ತು ಮುಗಿಸುತ್ತಿತ್ತು. ಬೋರೇಗೌಡ ಛತ್ರದ ದಿನದ ಹಾಗೆ ಹಾರನ್ ಹೊಡೆಯುತ್ತಿದ್ದ. ಹಾರನ್ನೂ ಮುದಿಯಾಗಿತ್ತು, ಕರು ಕೂಗಿದಂತೆ ಕೇಳಿಸುತ್ತಿತ್ತು. ಎಡಗಡೆಯ ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಬೀಸುತ್ತಿತ್ತು. ಅಷ್ಟು ದೂರದಿಂದ, ಬಿಸಿಲಿನಲ್ಲಿ, ಅದು ಯಾರ ಕೈಯೆಂದು ಹೇಳಲು ಆಗುತ್ತಿರಲಿಲ್ಲ. ನಾನು ಸ್ವಲ್ಪ ಹೊತ್ತು ಹೇಳದೆಯೇ ಇದ್ದೆ.

ನಾನು ಬಂದು ನಿಲ್ಲಿಸಿದಾಗ ಹುಣಸೆಮರದ ಕೆಳಗೆ ಎಲ್ಲರೂ ಕೂತಿದ್ದರು. ಬೋರೇಗೌಡ ಮಾತ್ರ ತೂಬಿನ ಮುಂದೆ ನಾವು ಹೊರಟ ಜಾಗದಲ್ಲಿ ನಿಂತಿದ್ದ. ಬಗ್ಗಿ ನೆಲದಿಂದ ಏನನ್ನೋ ಎತ್ತಿಕೊಂಡು ಬಂದ. ನನ್ನ ಹ್ಯಾಂಡ್ಲು. ಅದನ್ನು ಅಲ್ಲೇ ಮರೆತು ಹೊರಟುಬಿಟ್ಟಿದ್ದೆ.

"ಏನ್ಲಾ ಕಂಟ್ರೋಲರ್ರೆ, ಮೂರ್ ಸಲ ಆರೋಯ್ತಿದ್ದ ಗಾಡಿ ಧೂಳೊಳ್ಗೆ ಅದೆಂಗ್ಲಾ ಒಂದೇಟ್ಗೆ ಎದ್ ಬುಡ್ತು? ಹ್ಯಾಂಡ್ಲು ನೋಡುದ್ರೆ ಇಲ್ ಬಿದ್ದದೆ."

ಯಾರೂ ನಗಲಿಲ್ಲ, ನಗುವುದಕ್ಕೆ ನನ್ನ ಮುಖ ನೋಡಿ ಕಾಯುತ್ತಿದ್ದರು. ನಾನು ಪರೀಕ್ಷಕ. ಪರೀಕ್ಷಕನ ಕರ್ತವ್ಯ ಎಲ್ಲಕ್ಕಿಂತ ದೊಡ್ಡದು. ಕಾರಿನಿಂದ ಇಳಿದು ನಿಂತು, "ಪಾಂಡವಪುರದ ಹೆರಾಲ್ಡ್ ಕಾರನ್ನು ಸೆಲ್ಫ್ ಬಳಸಿದ ಕಾರಣ ಸ್ಪರ್ಧೆಯಿಂದ ಹೊರಗಿಡಲಾಗಿದೆ" ಎಂದು ಘೋಷಿಸಿ ಕೂತುಕೊಂಡೆ. ಆಮೇಲೆ ನಕ್ಕರು ನೋಡಿ. ವಕೀಲರ ಕನ್ನಡಕ ಬಿದ್ದುಹೋಯಿತು.

ಸರೋಜ ಪಾತ್ರೆ ತೆರೆದಳು. ಒದ್ದೆ ಬಟ್ಟೆ ಸುತ್ತಿದ ಮುದ್ದೆ, ಉಪ್ಪುಸಾರು, ಅದಕ್ಕೆ ನೆಂಚಿಕೊಳ್ಳಲು ಅರೆದ ಖಾರ. ನಸುಕಿನಲ್ಲಿ ಎದ್ದು ಅವಳು ಒರಳಿನಲ್ಲಿ ಏನನ್ನೋ ಅರೆಯುತ್ತಿದ್ದದ್ದು ನೆನಪಾಯಿತು. ಮಿಕ್ಸಿ ಇರುವಾಗ ಯಾಕೆ ಎಂದು ನಾನು ಕೇಳಿದ್ದೆ. ಬೋರೇಗೌಡ ಮುದ್ದೆ ಮುರಿದು ಖಾರಕ್ಕೆ ಅದ್ದಿ ನುಂಗಿದ. ಕೈ ತಟ್ಟೆಯಲ್ಲೇ ನಿಂತಿತು.

"ಖಾರ ಯಾರ್ ಅರ್ದಿದ್ದು?"

"ನಾನೇ. ಜಯಕ್ಕ ಹೇಳ್ಕೊಟ್ಟಿದ್ದು."

ಅವನು ಇನ್ನೊಂದು ತುತ್ತು ನುಂಗಿದ. ಆಮೇಲೆ, "ಬೆಳ್ಳುಳ್ಳಿ ವಸಿ ಕಮ್ಮಿಯಾಗದೆ" ಎಂದು, ಟವೆಲಿನಿಂದ ಮುಖ ಒರೆಸಿಕೊಂಡ. ಖಾರಕ್ಕೆ ಎಂದು ನಾವೆಲ್ಲ ಒಪ್ಪಿಕೊಂಡೆವು.

ಊಟವಾದ ಮೇಲೆ ನಾನು ಸಭೆಯನ್ನು ಮತ್ತೆ ಕರೆದೆ. ಚೋಕು ಹಿಡಿಯಲು ಯಾರೂ ಇಲ್ಲದವರು ಸೆಲ್ಫ್ ಬಳಸಬಹುದು ಎಂಬ ತಿದ್ದುಪಡಿಯನ್ನು ನಾನೇ ಮಂಡಿಸಿದೆ. ಬೆಳಗಿನ ದನಿಯಲ್ಲಿ ಅಲ್ಲ. ಬೋರೇಗೌಡನ ಕಡೆ ನೋಡಿ, "ತಪ್ಪು ತಿಳ್ಕೋಬೇಡ ಕಣ್ಲಾ" ಎಂದೂ ಹೇಳಿದೆ. ಅದನ್ನು ನಡಾವಳಿಯಲ್ಲಿ ಸೇರಿಸಲಿಲ್ಲ. ಅನ್ವರ್ ಪಾಷ ಒಪ್ಪಿದರು. ಪರಿಸ್ಥಿತಿ ಬದಲಾಗಿರುವುದನ್ನು ಗಮನಿಸಿ ವಕೀಲರೂ ಒಪ್ಪಿದರು.

"ನಾನೊಪ್ಪಕ್ಕಿಲ್ಲ" ಎಂದ ಬೋರೇಗೌಡ.

"ನೀನೇ ತಾನೆ ಕೇಳಿದ್ದು?"

"ಕೇಳ್ದೆ. ಆಗ ಚೋಕ್ಗೆ ಜನ ಇರ್ನಿಲ್ಲ. ಈಗ ಸರೋಜಕ್ಕ ಅವ್ರೆ. ನಂಗ್ಯಾತಕ್ಲಾ ಸೆಲ್ಫು? ಲಾಯರ್ರೆ, ನಿಮ್ ಫೋನ್ ವಸಿ ಕೊಡಿ, ಆ ಮೈಸೂರ್ನವ್ನಿಗೆ ಗಾಡಿ ಕೊಡಕ್ಕಿಲ್ಲ ಅಂದ್ಬುಡ್ತೀನಿ."

ಒಂದರ ವಿರುದ್ಧ ಮೂರು ಮತಗಳಿಂದ ತಿದ್ದುಪಡಿ ಪಾಸಾಯಿತು. ಅಂದರೆ ನಾಲ್ಕು ತಾಲ್ಲೂಕಿನಲ್ಲಿ ಸೆಲ್ಫ್ ಹೊಡೆಯಲು ಅಧಿಕೃತವಾಗಿ ಅರ್ಹನಾದ ಏಕೈಕ ವ್ಯಕ್ತಿ, ಇಷ್ಟು ವರ್ಷ ಅದು ಕೂಡದು ಎಂದು ಕಾವಲು ಕಾದ ನಾನು.

ಎಳನೀರು ಗೊನೆಯಲ್ಲಿ ನಮ್ಮ ಪಾಲು ಹಿಂದಿನ ಸೀಟಿಗೆ ಹಾಕಿಕೊಂಡು ಹೊರಟೆವು. ಜಕ್ಕನಹಳ್ಳಿ ದಾಟಿತು.

"ನಿನಗೆ ಮೊದಲೇ ಗೊತ್ತಿತ್ತಾ?" ಎಂದೆ.

"ಎಲ್ಲರಿಗೂ ಗೊತ್ತಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ. ನೀವು ಕೇಳ್ಲಿಲ್ಲ, ವಾರವೆಲ್ಲ ನೀವೇ ಹೇಳ್ತಿದ್ರಿ."

ಇನ್ನೂ ಸ್ವಲ್ಪ ದೂರ ಹೋದ ಮೇಲೆ, ರಸ್ತೆಯ ಕಡೆಗೇ ಕಣ್ಣಿಟ್ಟುಕೊಂಡು, ವಿಷಯಕ್ಕೆ ಅಷ್ಟೇನೂ ಮಹತ್ವವಿಲ್ಲದವನ ಹಾಗೆ ಕೇಳಿದೆ: "ಮುಂದಿನ ವರ್ಷ ನಮ್ಮ ಕಾರಿಗೆ?"

"ನೋಡೋಣ" ಎಂದಳು. "ಗೌಡ್ರು ಈಗಲೇ ಹೇಳಿಟ್ಟಿದಾರೆ. ಗೆಲ್ಲೋ ಕಾರು ಬೇರೆ."

ಮನೆಗೆ ಬಂದಾಗ ಸಂಜೆ. ಸರೋಜ ಪಾತ್ರೆ ತೊಳೆಯಲು ಹೋದಳು. ನಾನು ಬಟ್ಟೆ ಬದಲಾಯಿಸಿ, ಹ್ಯಾಂಡ್ಲನ್ನು ಒರೆಸಿ ಎಣ್ಣೆ ಸವರಿ ಅದರ ಜಾಗದಲ್ಲಿಟ್ಟೆ. ಆಮೇಲೆ ಹೆರಾಲ್ಡಿನ ಬಾನೆಟ್ಟು ತೆರೆದೆ. ಇಡೀ ಮೂತಿಯನ್ನೇ ಮುಂದಕ್ಕೆ ಬಗ್ಗಿಸುವ ಬಾನೆಟ್ಟು ಅದು, ತೆರೆದಾಗ ಕಾರು ನಮಸ್ಕಾರ ಮಾಡಿದಂತೆ ಕಾಣುತ್ತದೆ. ನಾನು ಎಂದೂ ಕಣ್ಣೆತ್ತಿ ನೋಡದ ಬ್ಯಾಟರಿ ಒಂದು ಮೂಲೆಯಲ್ಲಿ ಕೂತಿತ್ತು. ಅದರ ಮೇಲಿನ ತುಕ್ಕನ್ನು ಬಿಸಿನೀರಿನಲ್ಲಿ ತೊಳೆದೆ, ಡಿಸ್ಟಿಲ್ಡ್ ನೀರನ್ನು ಹದ ನೋಡಿ ತುಂಬಿದೆ, ಮುಚ್ಚಳಗಳನ್ನು ಒಂದೊಂದಾಗಿ ಬಿಗಿಮಾಡಿದೆ, ಕೈ ತೊಳೆದುಕೊಂಡೆ.